ಮೈನಸ್ ಬಲದ ಸ್ಲ್ಯಾಬು

ಕಾಂಕ್ರೀಟು ಎಷ್ಟು ಗಟ್ಟಿಯಾಗುತ್ತದೆಂದು ಕಾಯದೆ, ಒಡೆಯದೆ, ಕುರ್ಚಿಯಲ್ಲಿ ಕುಳಿತೇ ಹೇಳಬಲ್ಲ ಗಣಿತ ಮೇಷ್ಟ್ರು ಸೇಡಂನಲ್ಲಿ ನಾನೊಬ್ಬನೇ ಎಂದು ಈ ಬೇಸಿಗೆಯಲ್ಲಿ ಕಂಡಕಂಡವರಿಗೆ ಹೇಳಿಕೊಂಡಿದ್ದೆ. ಯಾರೂ ಅಲ್ಲಗಳೆಯಲಿಲ್ಲ. ಅದು ಯಾರಿಗೂ ಬೇಕಾಗಿರಲಿಲ್ಲ ಎಂಬುದು ನನಗೆ ತಡವಾಗಿ ಹೊಳೆಯಿತು.

ರಜೆಯಲ್ಲಿ ಮಷೀನ್ ಲರ್ನಿಂಗ್ ಕಲಿತಿದ್ದೆ. ಹಳೆಯ ಕಾಂಕ್ರೀಟುಗಳ ಜಾತಕವನ್ನು ಕಂಪ್ಯೂಟರಿಗೆ ಉಣಿಸಬೇಕು: ಸಿಮೆಂಟ್ ಎಷ್ಟು, ಮರಳು ಎಷ್ಟು, ನೀರು ಎಷ್ಟು, ಕೊನೆಗೆ ಎಷ್ಟು ಭಾರ ತಡೆಯಿತು. ಆಮೇಲೆ ಅದು ಹೊಸ ಕಾಂಕ್ರೀಟಿನ ಭವಿಷ್ಯ ನುಡಿಯುತ್ತದೆ. ಪ್ರಯೋಗಕ್ಕೆ ನಮ್ಮ ಹಿತ್ತಲಲ್ಲೇ ಸ್ಲ್ಯಾಬ್ ಸಿಕ್ಕಿತು. ನನ್ನ ಹೆಂಡತಿ ಮಾದೇವಿ ತಗಡಿನ ಶೆಡ್ಡಿನಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಮೇಲೆ ತಗಡು ಕಾಯುತ್ತದೆ, ಕೆಳಗೆ ಒಲೆ ಕಾಯುತ್ತದೆ, ನಡುವೆ ಅವಳು. ಅವಳಿಗೊಂದು ತಂಪಿನ ಖೋಲಿ ಇರಲೆಂದು ಕಟ್ಟಿಸುತ್ತಿದ್ದೆವು. ಸುಲೇಪೇಟದ ಒಂದು ಮದುವೆಗೆ ರೊಟ್ಟಿ ಕೊಡುತ್ತೇನೆಂದು ಒಪ್ಪಿಕೊಂಡಿದ್ದಳು. ಅಷ್ಟರಲ್ಲಿ ಖೋಲಿ ಆಗಲೇಬೇಕಿತ್ತು.

ಖೋಲಿಯ ಮೇಲೆ ಸ್ಲ್ಯಾಬ್ ಹಾಕಿದ ಮರುದಿನ ಕಂಪ್ಯೂಟರನ್ನು ಕೇಳಿದೆ. ಒಳ್ಳೆಯ ಸಂಖ್ಯೆಯನ್ನೇ ಕೊಟ್ಟಿತು. ಅತ್ತ ಮಾದೇವಿ ಸ್ಲ್ಯಾಬಿನ ಮೇಲೆ ಮಣ್ಣಿನ ಮಡಿ ಕಟ್ಟಿ ನೀರು ನಿಲ್ಲಿಸಿದಳು. ನಾನು ಪ್ರಾಮಾಣಿಕ ಮನುಷ್ಯ. ಅವಳು ಸುರಿದ ಕೊಡಗಳನ್ನೆಲ್ಲ ನೀರಿನ ಖಾನೆಗೆ ಸೇರಿಸಿದೆ. ಸಂಖ್ಯೆ ಇಳಿಯಿತು. ಅವಳು ಮತ್ತೆ ಸುರಿದಳು, ನಾನು ಮತ್ತೆ ಸೇರಿಸಿದೆ. ನೋಡನೋಡುತ್ತಲೇ ನಮ್ಮ ಸ್ಲ್ಯಾಬಿನ ಬಲ ಸೊನ್ನೆ ದಾಟಿ ಮೈನಸ್ಸಿಗೆ ಹೋಯಿತು. ಅಂದರೆ ಅದು ನಮ್ಮ ಭಾರ ಹೊರುವುದಿರಲಿ, ನಾವೇ ಅದನ್ನು ಹೊತ್ತು ನಿಲ್ಲಬೇಕು! ಹಿತ್ತಲಿಗೆ ಓಡಿದೆ.

"ಮಾದೇವಿ, ನೀರು ಬಂದ್ ಮಾಡು. ಸ್ಲ್ಯಾಬ್ ಸಾಯಲಾಕತ್ತದ" ಎಂದೆ.

"ಯಾರು ಹೇಳ್ಯಾರ?"

"ಕಂಪ್ಯೂಟರ್."

"ಅದು ಎಷ್ಟು ಮನಿ ಕಟ್ಟಿಸ್ಯಾದ ಕೇಳ್ರಿ ಜರಾ" ಎಂದು ಇನ್ನೊಂದು ಕೊಡ ಸುರಿದಳು.

ಮುಂದೆ ಅವಳು ತಮ್ಮನ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆಂದು ವಾಡಿಗೆ, ತವರಿಗೆ ಹೋದಳು. "ದಿನಾ ನೀರು ಹಾಕ್ರಿ, ಮರೀಬ್ಯಾಡ್ರಿ" ಎಂದು ಬಸ್ಸಿನ ಕಿಟಕಿಯಿಂದಲೂ ಹೇಳಿದಳು. ನಾನು ಮನೆಗೆ ಬಂದವನೇ ಮಡಿ ಒಡೆದು ನೀರನ್ನೆಲ್ಲ ಹೊರಗೆ ಬಿಟ್ಟೆ. ಉಳಿದ ತೇವವನ್ನು ಹಳೆಯ ಲುಂಗಿಯಿಂದ ಒರೆಸಿದೆ. ಅಷ್ಟಕ್ಕೂ ಸಮಾಧಾನವಾಗದೆ ಟೇಬಲ್ ಫ್ಯಾನು ಹೊತ್ತೊಯ್ದು ಸ್ಲ್ಯಾಬಿಗೆ ಗಾಳಿ ಹಾಕಿದೆ. ನಮ್ಮ ಕಡೆಯ ಬಿಸಿಲಿಗೆ ಫ್ಯಾನಿನ ಸಹಾಯ ಬೇಕೆಂದುಕೊಂಡವನು ನಾನೊಬ್ಬನೇ ಇರಬೇಕು.

ಸ್ಲ್ಯಾಬ್ ಬಿರುಕು ಬಿಟ್ಟಿತು. ದುಃಖವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಕಂಪ್ಯೂಟರಿನ ಮಾತು ನಿಜವಾಯಿತಲ್ಲ ಎಂದು ಒಳಗೊಳಗೇ ಭಾರೀ ಖುಷಿಯೂ ಆಯಿತು. ಕೂಡಲೇ ಮಾದೇವಿಗೆ ಫೋನು ಮಾಡಿದೆ. "ನಾ ಹೇಳಿದ್ದು ಖರೇ ಆಯ್ತು ನೋಡು. ಸ್ಲ್ಯಾಬ್ ಒಡಿಸಿ ಹೊಸಾದು ಹಾಕಸೋಣು."

ಮಾದೇವಿ ಸಿಕ್ಕ ರೈಲು ಹತ್ತಿ ಬಂದಳು. ಜೊತೆಗೆ ಮಾವನವರು. ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮೇಲೆ ಹೋಗಿ ನೋಡಿ, ಫ್ಯಾನಿನ ಕಡೆಗೂ ನೋಡಿ, ಇಳಿದು ಬಂದು ಕೂತರು. ಮೊದಲು ಬಾಯಿ ತೆರೆದವಳು ಮಾದೇವಿ.

"ಹಿಟ್ಟು ನಾದೂಮುಂದ ನೀರು ಹೆಚ್ಚಾದ್ರ ರೊಟ್ಟಿ ಏನಾಗ್ತದ?"

"ಹರೀತದ."

"ಬಡದು ಹಂಚಿಗಿ ಹಾಕಿದ ಮ್ಯಾಲ ನೀರು ಸವರಲಿಲ್ಲಂದ್ರ?"

"ಬಿರೀತದ."

"ದಿನಾ ತಿಂತೀರಲ್ಲ, ಸ್ಲ್ಯಾಬಿಗಿ ಬ್ಯಾರೆ ನ್ಯಾಯ ಏನ್ರಿ? ಕಲಸೂ ನೀರು ಬ್ಯಾರೆ, ಕುಡಿಸೂ ನೀರು ಬ್ಯಾರೆ."

ಕಂಪ್ಯೂಟರಿನಲ್ಲಿದ್ದದ್ದು ಕಲಸುವ ನೀರಿನ ಖಾನೆ; ನಾನು ಎರಡನ್ನೂ ಅದಕ್ಕೇ ತುಂಬಿದ್ದೆ.

ಮಾವನವರು ಗಂಟಲು ಸರಿಮಾಡಿಕೊಂಡರು. "ಮ್ಯಾಲಷ್ಟೇ ಬಿರದದ. ಸಿಮೆಂಟ್ ಹಾಲು ಹಾಕಿ ಮತ್ತ ನೀರು ನಿಲ್ಲಸ್ರಿ, ಕೆಳಗಿನ ಸೆಂಟ್ರಿಂಗ್ ಹಲಗಿ ಈಗೇ ಬಿಚ್ಚಬ್ಯಾಡ್ರಿ. ಅಳಿಯರ, ಈ ಸುದ್ದಿ ವಾಡಿತನಕ ಬರಬಾರದು. ಅಲ್ಲಿ ನನ್ನ ಹೆಸರು ಚಲೋ ಅದ."

ಸ್ಲ್ಯಾಬ್ ಉಳಿಯಿತು. ಆದರೆ ಮದುವೆಯ ರೊಟ್ಟಿಗೆ ಖೋಲಿ ಸಿಗಲಿಲ್ಲ. ಮಾದೇವಿ ಮತ್ತೆ ತಗಡಿನ ಕೆಳಗೇ ಕೂತು ಬಡಿದಳು. ಅವಳ ಕೆಂಪಾದ ಮುಖ ನೋಡಿ ನನಗೆ ನಿಜವಾಗಿಯೂ ನಾಚಿಕೆಯಾಯಿತು. ಏನಾದರೂ ಸಹಾಯ ಮಾಡೋಣವೆಂದು ಒಲೆಯ ಮುಂದೆ ಕೂತು, ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿದೆ. ಧಾರಾಳವಾಗಿ ಸವರಿದೆ. ರೊಟ್ಟಿ ಮುದ್ದೆಯಾಯಿತು.

ಅವಳು ನನ್ನ ಕೈಯಿಂದ ಬಟ್ಟೆ ಕಿತ್ತುಕೊಂಡಳು. "ನೀವು ಏಳ್ರಿ. ಹೋಗಿ ಸ್ಲ್ಯಾಬಿಗಿ ನೀರು ಹಾಕ್ರಿ. ಅಲ್ಲಿ ಎಷ್ಟು ಹಾಕಿದ್ರೂ ನಡೀತದ."

ನನ್ನಿಂದಲೂ ಕೆಡಿಸಲಾಗದ ಕೆಲಸವೊಂದು ಈ ಮನೆಯಲ್ಲಿದೆ ಎಂಬ ಸಮಾಧಾನದಿಂದ ಕೊಡ ಹೊತ್ತು ಏಣಿ ಹತ್ತಿದೆ.