‘ಪ್ರಸಂಗ’ಕ್ಕೆ ‘ಅಂ’ ಸೇರಿಸಿದ ಬಗ್ಗೆ

ಮಾನ್ಯ ಓದುಗರ ಸಮಕ್ಷಮಕ್ಕೆ ನೆಕ್ರಾಜೆಯ ವಿಜಯಲಕ್ಷ್ಮಿಯಾದ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ, ಇದುವರೆಗೆ ನಾನು ಸ್ವಂತವಾಗಿ ಏನನ್ನೂ ಬರೆದವಳಲ್ಲ. ಕಾಸರಗೋಡು ಪೇಟೆಯ ಒಂದು ಟೈಪಿಂಗ್ ಅಂಗಡಿಯಲ್ಲಿ ಕುಳಿತು ಊರಿನವರ ಅರ್ಜಿಗಳನ್ನು ಕನ್ನಡದಲ್ಲಿ ಟೈಪು ಮಾಡಿಕೊಡುವುದು ನನ್ನ ಉದ್ಯೋಗ. ಬೇರೆಯವರ ಚರಂಡಿ, ಬೇರೆಯವರ ಗಡಿಕಲ್ಲು, ಬೇರೆಯವರ ರೇಶನ್ ಕಾರ್ಡಿನ ಸಂಕಟಗಳೆಲ್ಲ ನನ್ನ ಬೆರಳ ತುದಿಯಲ್ಲಿವೆ. ಸ್ವಂತ ಸಂಕಟವನ್ನು ಹೇಗೆ ಆರಂಭಿಸಬೇಕೆಂದು ಮಾತ್ರ ತಿಳಿಯದು. ಆದುದರಿಂದ ಈ ಬರಹದಲ್ಲಿ ‘ಸದರಿ’ ಎಂಬ ಪದ ಅಗತ್ಯಕ್ಕಿಂತ ಹೆಚ್ಚು ಕಂಡುಬಂದಲ್ಲಿ ಕ್ಷಮಿಸಬೇಕಾಗಿ ಪ್ರಾರ್ಥನೆ.

ಸದರಿ ಸಂಕಟವು ಒಂದು ನಾಟಕಕ್ಕೆ ಸಂಬಂಧಪಟ್ಟುದಾಗಿದೆ.

ನಮ್ಮದೊಂದು ರಂಗತಂಡ ಉಂಟು. ಭಿನ್ನಸಾಮರ್ಥ್ಯದವರು, ಉಳಿದವರು ಎಂಬ ಭೇದವಿಲ್ಲದೆ ಎಲ್ಲರೂ ಒಟ್ಟಿಗೆ ನಾಟಕ ಆಡುವ ಸೇವಾಸಂಸ್ಥೆ ಅದು. ನಡೆಸುವವರು ಜಯಂತ ಮಾಷ್ಟ್ರು. ಹಗಲು ಶಾಲೆ, ಸಂಜೆ ನಾಟಕ. ನಾನು ಮೊದಲು ನಟಿಯಾಗಿಯೇ ಸೇರಿದ್ದೆ. “ಬಸ್ಸು ಬಂತು, ಓಡಿ!” ಎಂಬ ಒಂದೇ ಮಾತು ನನ್ನ ಪಾಲಿಗೆ ಬಂದಿತ್ತು. ನಾನು ಅದನ್ನು “ಬಸ್ಸು ಆಗಮಿಸಿರುತ್ತದೆ, ದಯವಿಟ್ಟು ಓಡತಕ್ಕದ್ದು” ಎಂಬ ಧಾಟಿಯಲ್ಲಿ ಹೇಳುತ್ತೇನೆಂದು ಎಲ್ಲರೂ ದೂರಿದ್ದರಿಂದ ನನ್ನನ್ನು ಪಾತ್ರದಿಂದ ಬಿಡುಗಡೆಗೊಳಿಸಿ ಕಚೇರಿ ಕೆಲಸಕ್ಕೆ ನೇಮಿಸಲಾಯಿತು.

ಬಸ್ಸೆಂದರೆ ಬಸ್ಸೇ. ಮಾಷ್ಟ್ರು ಯಕ್ಷಗಾನದ ಹುಚ್ಚಿನವರಾದ್ದರಿಂದ ನಮ್ಮ ನಾಟಕದಲ್ಲಿ ಪದವೂ ಚೆಂಡೆಯೂ ಉಂಟು. ಅದಕ್ಕೆ ‘ಬಸ್ಸಿನ ಪ್ರಸಂಗ’ ಎಂದೇ ಹೆಸರು. ಗಾಲಿಕುರ್ಚಿಯ ಪುಷ್ಪಲತಾ ಡ್ರೈವರ್. ಅವಳ ಕುರ್ಚಿಯೇ ಬಸ್ಸು. ಕಣ್ಣು ಕಾಣದ ಚಂದು ಕಂಡಕ್ಟರ್. ಸ್ವರ ಕೇಳಿಯೇ ಯಾರು ಟಿಕೆಟಿಲ್ಲದೆ ನಿಂತಿದ್ದಾರೆಂದು ಹಿಡಿಯುತ್ತಾನೆ. ಕಿವಿ ಕೇಳದ ನಫೀಸಾ ಕಂಡಕ್ಟರನ ಜೊತೆ ಕೈಸನ್ನೆಯಲ್ಲೇ ಜಗಳ ಮಾಡುವ ಪ್ರಯಾಣಿಕಳು. ಅವಳ ಸನ್ನೆ ಅವನಿಗೆ ಕಾಣುವುದಿಲ್ಲ, ಅವನ ಬೈಗುಳ ಅವಳಿಗೆ ಕೇಳುವುದಿಲ್ಲ. ಜಗಳ ಮುಗಿಯುವುದೇ ಇಲ್ಲ! ಉಳಿದವರು ಕುರ್ಚಿಯ ಹಿಂದೆ ಸಾಲಾಗಿ ನೇತಾಡುತ್ತಾರೆ. ಕೈ ತೋರಿಸಿದ ಕಡೆ ಬಸ್ಸು ನಿಲ್ಲುವುದಿಲ್ಲ. ಅದೇ ಕಥೆ.

ಈ ಪ್ರಸಂಗದ ಮೊದಲ ಸಾರ್ವಜನಿಕ ಪ್ರದರ್ಶನ ನಾಯ್ಮಾರ್ಮೂಲೆಯಿಂದ ಸ್ವಲ್ಪ ಒಳಗಿನ ಒಂದು ಗ್ರಂಥಾಲಯದ ವಾರ್ಷಿಕೋತ್ಸವದಲ್ಲಿ ಎಂದು ನಿಶ್ಚಯವಾಯಿತು. ಎಲ್ಲರಿಗಿಂತ ಹೆಚ್ಚು ಚಡಪಡಿಸಿದವಳು ಪುಷ್ಪಲತಾ. ಅವಳ ತಾಯಿ ದೇವಕಿಯಮ್ಮನಿಗೆ ಈ ನಾಟಕದ ವಿಷಯವೇ ಆಗದು.

“ಅಮ್ಮ ಈ ಸಲ ನೋಡ್ಲಿಕ್ಕೆ ಬರ್ತಾರಂತೆ ಅಕ್ಕ,” ಎಂದಳು ಅವಳು. “ಜನ ನಿನ್ನನ್ನು ನೋಡಿ ‘ಪಾಪ, ಪಾಪ’ ಅಂತ ಹೇಳ್ಲಿಕ್ಕೆ ನಾನು ಎಣ್ಮಕಜೆಯಿಂದ ಕಳಿಸ್ಬೇಕಾ ಅಂತ ಕೇಳ್ತಾರೆ. ಒಬ್ಬರು ‘ಪಾಪ’ ಅಂದರೂ ಸಾಕಂತೆ, ನಾಳೆಯಿಂದ ಪ್ರಾಕ್ಟೀಸು ಬಂದ್.”

ಡ್ರೈವರ್ ಇಲ್ಲದಿದ್ದರೆ ಬಸ್ಸಿಲ್ಲ, ಬಸ್ಸಿಲ್ಲದಿದ್ದರೆ ತಂಡವಿಲ್ಲ. ನಾನು ಅವಳ ಕೈ ಹಿಡಿದು ಹೇಳಿದೆ: “ನೀನು ಹೆದರ್ಬೇಡ. ಏರ್ಪಾಡು ಎಲ್ಲ ನನ್ನದು.”

ಅವಳು ಹೆದರಿದ್ದು ಆಗಲೇ ಇರಬೇಕು.

ಏರ್ಪಾಡೆಂದರೆ ಒಂದು ಫೋನು. ಗ್ರಂಥಾಲಯದ ಕಾರ್ಯದರ್ಶಿ ಶ್ರೀಧರನ್ ಅವರಿಗೆ ಮಾಷ್ಟ್ರು ಮೊದಲೇ ‘ನಮ್ಮ ಸಂಸ್ಥೆಯ ಒಂದು ಕಾರ್ಯಕ್ರಮ ಉಂಟು, ವಿವರ ವಿಜಯಕ್ಕ ತಿಳಿಸುತ್ತಾರೆ’ ಎಂದಿದ್ದರು. ನಾನು ತಿಳಿಸಬೇಕಾಗಿದ್ದುದು ಎರಡೇ ಸಂಗತಿ: ನಮ್ಮದು ಒಂದು ಗಂಟೆಯ ಪ್ರಸಂಗ, ವೇದಿಕೆಗೆ ಗಾಲಿಕುರ್ಚಿ ಏರಲು ರ್‍ಯಾಂಪು ಬೇಕು. ಶ್ರೀಧರನ್ ಅವರಿಗೆ ಮಲಯಾಳ ಮಾತ್ರ ಬರುವುದು.

ನಾನು ಹುಟ್ಟಿದ್ದು ಪುತ್ತೂರಿನ ಕಡೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಮಲಯಾಳವನ್ನು ಸ್ವಪ್ರಯತ್ನದಿಂದ ಕಲಿತಿದ್ದೇನೆ. ಈ ವಿಷಯದಲ್ಲಿ ನನ್ನದೇ ಒಂದು ಸಂಶೋಧನೆ ಉಂಟು: ಯಾವುದೇ ಶುದ್ಧ ಕನ್ನಡ ಪದದ ಕೊನೆಗೆ ಒಂದು ‘ಅಂ’ ಸೇರಿಸಿದರೆ ಅದು ಮಲಯಾಳವಾಗುತ್ತದೆ. ಪುಸ್ತಕ, ಪುಸ್ತಕಂ. ನಾಟಕ, ನಾಟಕಂ. ವಿವಾಹ, ವಿವಾಹಂ. ಇದುವರೆಗೆ ಯಾರೂ ಆಕ್ಷೇಪಿಸಿರಲಿಲ್ಲ.

“ಅಕ್ಕ, ಮಾಷ್ಟ್ರು ಶಾಲೆಯಿಂದ ಬಂದ ಮೇಲೆ ಅವರ ಹತ್ರ ಮಾತಾಡಿಸಿದ್ರೆ ಎಂತ?” ಎಂದು ಚಂದು ಮೆಲ್ಲಗೆ ಕೇಳಿದ. “ನಿಮ್ಮ ಮಲಯಾಳ ಕೇಳಿದ್ರೆ ನನಗೆ ರಸ್ತೆ ದಾಟಿದ ಹಾಗೆ ಆಗ್ತದೆ.”

ನಾನು ಸದರಿ ಆಕ್ಷೇಪಣೆಯನ್ನು ತಳ್ಳಿಹಾಕಿ ಫೋನು ಎತ್ತಿದೆ.

“ಞಂಙಳೆ ಒರು ಮಣಿಕ್ಕೂರ್ ಪ್ರಸಂಗಂ ಉಂಡ್,” ಎಂದೆ. ನಮ್ಮ ಒಂದು ಗಂಟೆಯ ಪ್ರಸಂಗ ಉಂಟು.

ಆ ಕಡೆಯಿಂದ ಬಹಳ ಸಣ್ಣ ಸ್ವರದಲ್ಲಿ, “ಒರು ಮಣಿಕ್ಕೂರೋ?”

ಒಂದು ಗಂಟೆಯಾ ಎಂದು ಕೇಳುತ್ತಿದ್ದಾರೆ! ಸಮಯ ಕತ್ತರಿಸುವ ಹುನ್ನಾರವೆಂದು ಭಾವಿಸಿ, ಒಂದು ನಿಮಿಷವೂ ಕಡಿಮೆ ಮಾಡಲಾಗದೆಂದು ಖಡಾಖಂಡಿತವಾಗಿ ತಿಳಿಸಿದೆ. ಅವರು ಉಸಿರು ಬಿಟ್ಟು ಇನ್ನೇನೋ ಕೇಳಿದರು. ಅದರಲ್ಲಿ ‘ಆರ್’, ಅಂದರೆ ‘ಯಾರು’ ಎಂಬುದಷ್ಟೇ ನನಗೆ ತಿಳಿಯಿತು. ಫೋನಿನಲ್ಲಿ ಮಾತಾಡುವುದು ಯಾರೆಂದು ಕೇಳುತ್ತಿದ್ದಾರೆ ಎಂದುಕೊಂಡು ಹೆಸರು, ಊರು ಎಲ್ಲ ಹೇಳಿದೆ. ಬರೆದುಕೊಂಡರು.

ಉಳಿದದ್ದು ರ್‍ಯಾಂಪು. ಸಂಸ್ಥೆಯ ಪರವಾಗಿ ಅಧಿಕೃತವಾಗಿ ಮಾತಾಡುವಾಗ ಇಂಗ್ಲಿಷ್ ಬಳಸುವುದು ಸರಿಯಲ್ಲವೆಂದು ತೋರಿತು. ಇಳಿಜಾರು ಎಂಬ ಒಳ್ಳೆಯ ಪದ ನಮ್ಮಲ್ಲಿರುವಾಗ!

“ಸ್ಟೇಜಿಲ್ ಒರು ಇಳಿಜಾರಂ ವೇಣಂ,” ಎಂದೆ. ಸ್ಟೇಜಿಗೆ ಒಂದು ಇಳಿಜಾರು ಬೇಕು.

“ಇಳ...?”

“ಇಳಿಜಾರಂ! ಇಳಿಜಾರಂ!”

“ಓ! ಶರಿ, ಶರಿ,” ಎಂದರು ಶ್ರೀಧರನ್, ಬಹಳ ಸಂತೋಷದಿಂದ.

ಫೋನು ಇಟ್ಟು ನಾನು ಚಂದುವಿನ ಕಡೆ ನೋಡಿದೆ. ಅವನಿಗೆ ನನ್ನ ಆ ನೋಟ ಕಾಣದಿದ್ದುದಕ್ಕೆ ಮೊದಲ ಬಾರಿಗೆ ವಿಷಾದವಾಯಿತು.

ಕಾರ್ಯಕ್ರಮದ ದಿನ ನನ್ನ ಯಜಮಾನರಾದ ರಾಘವ ಇವರ ಪಿಕಪ್ಪಿನಲ್ಲಿ ಚೆಂಡೆ, ಗಾಲಿಕುರ್ಚಿ ಸಮೇತ ಎಲ್ಲರೂ ತಲಪಿದೆವು. ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲೇ ದೇವಕಿಯಮ್ಮ ಕೊಡೆಯನ್ನು ಮಡಿಲಲ್ಲಿಟ್ಟುಕೊಂಡು, ಯಾರು ‘ಪಾಪ’ ಅನ್ನುತ್ತಾರೆಂದು ನೋಡಲು ತಯಾರಾಗಿ ಕುಳಿತಿದ್ದರು.

ವೇದಿಕೆಗೆ ಕಡಿದಾದ ಮೆಟ್ಟಿಲುಗಳಿದ್ದವು. ಇಳಿಜಾರು ಇರಲಿಲ್ಲ. ಮೇಲೆ ಸಾಲಾಗಿ ಕುರ್ಚಿಗಳು, ನಡುವೆ ಹೂವಿನ ಅಲಂಕಾರದ ಭಾಷಣಪೀಠ, ಅದರ ಮುಂದೆ ಮೈಕು. ಮೈಕಿನ ಪಕ್ಕದಲ್ಲಿ ತಟ್ಟೆಯ ಮೇಲೆ, ಮುಖ ಕೆತ್ತಿ, ಕೊಳವೆ ಚುಚ್ಚಿಟ್ಟ ಒಂದು ದೊಡ್ಡ ಎಳನೀರು!

“ಇದೆಂತದು?” ಎಂದೆ.

“ಇಳನೀರ್!” ಎಂದರು ಶ್ರೀಧರನ್, ಎರಡೂ ಕೈಗಳಿಂದ ಅದನ್ನು ತೋರಿಸುತ್ತ, ‘ನೀವು ಕೇಳಿದ್ದು ಮರೆಯಲಿಲ್ಲ ನೋಡಿ’ ಎಂಬ ಹೆಮ್ಮೆಯಲ್ಲಿ.

ಜಯಂತ ಮಾಷ್ಟ್ರು ನನ್ನ ಮುಖ ನೋಡಿದರು. “ವಿಜಯಕ್ಕ, ನೀವು ಫೋನಿನಲ್ಲಿ ಎಂತ ಹೇಳಿದ್ದು?”

“ಒಂದು ಗಂಟೆಯ ಪ್ರಸಂಗಂ ಉಂಟು ಅಂತ ಹೇಳಿದೆ.”

ಮಾಷ್ಟ್ರು ಅಲ್ಲೇ ಇದ್ದ ಬೆಂಚಿನಲ್ಲಿ ಕುಳಿತರು. “ಮಲಯಾಳದಲ್ಲಿ ಪ್ರಸಂಗಂ ಅಂದ್ರೆ ಭಾಷಣ ಅಕ್ಕ! ಭಾಷಣ!”

“ಒಂದು ಗಂಟೆ ಭಾಷಣ!” ಎಂದು ಯಜಮಾನರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. “ಮನೆಯಲ್ಲಿ ಮಾಡುವುದು ಸಾಲದು ಅಂತ ಇಲ್ಲಿಗೆ ಬಂದದ್ದಾ ಮಾರಾಯ್ತಿ? ಒಂದು ರ್‍ಯಾಂಪು ಅಂತ ಹೇಳ್ಲಿಕ್ಕೆ ನಿನಗೆ ಎಂತ ಕಷ್ಟ?”

ಉತ್ತರ ಕೊಡುವುದರೊಳಗೆ ಮೈಕಿನಲ್ಲಿ ನನ್ನ ಹೆಸರು ಮೊಳಗಿತು. ಪ್ರಖ್ಯಾತ ವಾಗ್ಮಿ ವಿಜಯಲಕ್ಷ್ಮಿಯವರಿಂದ ಈಗ ಒಂದು ಗಂಟೆಯ ಪ್ರಸಂಗಂ! ‘ಒಂದು ಗಂಟೆ’ ಎಂಬಲ್ಲಿ ಪ್ರಕಟಿಸಿದವರ ಸ್ವರವೇ ನಡುಗಿತು. ಸಭೆಯ ಹಿಂದಿನ ಅರ್ಧ ಆಗಲೇ ಎದ್ದು ನಿಂತಿತು. ಮುಂದಿನ ಸಾಲಿನಲ್ಲಿ ಮೊದಲು ಎದ್ದವರು ದೇವಕಿಯಮ್ಮ.

“ಪುಷ್ಪಾ, ಭಾಷಣ ಕೇಳ್ಲಿಕ್ಕಾ ನನ್ನನ್ನು ಇಷ್ಟು ದೂರ ಬರಿಸಿದ್ದು? ನಾನು ಹೋಗ್ತೇನೆ, ಬಸ್ಸಿಗೆ ಹೊತ್ತಾಯ್ತು.” ಕೊಡೆ ಹಿಡಿದು ನಡೆದೇ ಬಿಟ್ಟರು.

“ಅಮ್ಮಾ!” ಎಂದಳು ಪುಷ್ಪಲತಾ. ಅವರು ತಿರುಗಲಿಲ್ಲ.

ಯಾರೋ ಒಬ್ಬರು ಅವಳನ್ನು ಕುರ್ಚಿ ಸಮೇತ ಎತ್ತಿ ವೇದಿಕೆಗೆ ಹತ್ತಿಸೋಣವೇ ಎಂದರು. ಅವಳು ಬ್ರೇಕು ಹಾಕಿದಳು. “ಪ್ರಯಾಣಿಕರು ಡ್ರೈವರನ್ನು ಎತ್ತಿಕೊಂಡು ಹೋಗುವ ಬಸ್ಸು ಎಲ್ಲಿಯಾದ್ರೂ ಉಂಟಾ? ಅಮ್ಮ ಅದನ್ನು ನೋಡಿದ್ರೆ ಮತ್ತೆ ಮುಗಿಯಿತು!”

ಅಷ್ಟರಲ್ಲಿ ಶ್ರೀಧರನ್ ನನ್ನ ಭುಜಕ್ಕೆ ಶಾಲು ಹೊದಿಸಿಬಿಟ್ಟಿದ್ದರು. ಮಾಷ್ಟ್ರು ಹತ್ತಿರ ಬಂದು ಅವಸರದಲ್ಲಿ ಹೇಳಿದರು: “ನೀವು ಮೇಲೆ ಹೋಗಿ ಶುರು ಮಾಡಿ ಅಕ್ಕ. ನಾನು ಎಂತಾದ್ರೂ ಮಾಡ್ತೇನೆ. ನಾನು ಹೇಳುವವರೆಗೆ ನಿಲ್ಲಿಸ್ಬೇಡಿ.”

ಸಂಸ್ಥೆಯ ಮಾನ ನನ್ನ ನಾಲಗೆಯ ಮೇಲೆ ನಿಂತಿತು. ಬಾಯಿ ಒಣಗಿತ್ತು. ಎಳನೀರು ಪ್ರಯೋಜನಕ್ಕೆ ಬಂತು!

ಮೈಕಿನ ಮುಂದೆ ನಿಂತಾಗ ನನ್ನ ತಲೆಯಲ್ಲಿ ಒಂದು ವಾಕ್ಯವೂ ಇರಲಿಲ್ಲ. ಕೈಬೆರಳುಗಳು ತಾವಾಗಿಯೇ ಭಾಷಣಪೀಠದ ಮೇಲೆ ಟೈಪು ಮಾಡತೊಡಗಿದವು. ಬೆರಳುಗಳು ಟೈಪು ಮಾಡಿದ್ದನ್ನು ಬಾಯಿ ಓದಿತು.

“ಮಾನ್ಯರೇ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ನಮ್ಮ ಮನೆಯ ಎದುರಿನ ಚರಂಡಿಯು ಬಹುಕಾಲದಿಂದ ಕಟ್ಟಿಹೋಗಿದ್ದು...”

ಚರಂಡಿಯಿಂದ ಗಡಿಕಲ್ಲಿಗೆ, ಗಡಿಕಲ್ಲಿನಿಂದ ವಾಲಿದ ವಿದ್ಯುತ್ ಕಂಬಕ್ಕೆ ಬಂದೆ. ಕಂಬದ ಹೊತ್ತಿಗೆ ಸಭೆಯಲ್ಲಿ ಉಳಿದಿದ್ದವರು ಮುಖ್ಯ ಅತಿಥಿಗಳೂ ಶ್ರೀಧರನ್ ಅವರೂ ಮಾತ್ರ. ‘ಸದರಿ ಕಂಬವು’ ಎನ್ನುವಾಗ ಮುಖ್ಯ ಅತಿಥಿಗಳು ಫೋನು ಬಂದವರಂತೆ ಕಿವಿಗೆ ಕೈಯಿಟ್ಟು ಹೊರಟರು. ಕೈಯಲ್ಲಿ ಫೋನು ಇರಲಿಲ್ಲ! ಅವರನ್ನು ಕರೆತರುವ ನೆಪದಲ್ಲಿ ಶ್ರೀಧರನ್ ಕೂಡ ಹೋದರು.

ಆಗ ಹೊರಗಿನಿಂದ ಒಂದು ಚಪ್ಪಾಳೆ ಕೇಳಿತು. ದೊಡ್ಡ ಚಪ್ಪಾಳೆ!

ನಾನು ಕ್ಷಣ ಕಾಲ ತಬ್ಬಿಬ್ಬಾದೆ. ಅನಂತರ ಅರ್ಥವಾಯಿತು. ಸೆಖೆ ತಾಳಲಾರದೆ ಜನ ಅಂಗಳಕ್ಕೆ ಹೋಗಿದ್ದಾರೆ. ಹೊರಗಿನ ಸ್ಪೀಕರಿನಲ್ಲಿ ನನ್ನನ್ನು ಕೇಳುತ್ತಿದ್ದಾರೆ. ಕಂಬದ ಸಮಸ್ಯೆ ಅವರಿಗೂ ಇರಬೇಕು! ನನ್ನ ಸ್ವರ ಗಟ್ಟಿಯಾಯಿತು. ರೇಶನ್ ಕಾರ್ಡಿನಲ್ಲಿ ತಪ್ಪಾಗಿ ನಮೂದಾದ ಹೆಸರಿನ ಭಾಗಕ್ಕೆ ಬಂದಾಗ ಹೊರಗೆ ನಗುವಿನ ಅಲೆಯೇ ಎದ್ದಿತು. ನನ್ನಲ್ಲಿ ಹಾಸ್ಯಪ್ರಜ್ಞೆ ಇದೆಯೆಂದು ನನಗೇ ಗೊತ್ತಿರಲಿಲ್ಲ. ಎದೆಯ ಮೇಲೆ ಕೈಯಿಟ್ಟು ಖಾಲಿ ಕುರ್ಚಿಗಳಿಗೆ ಬಾಗಿ ನಮಸ್ಕರಿಸಿದೆ.

“ಅಕ್ಕಾ,” ಎಂದ, ಮೂಲೆಯಲ್ಲಿ ಒಬ್ಬನೇ ಕುಳಿತಿದ್ದ ಮೈಕಿನ ಜಬ್ಬಾರ್. “ಇನ್ನು ತುಂಬಾ ಉಂಟಾ?”

“ಜನರು ಅಪೇಕ್ಷಿಸುತ್ತಿದ್ದಾರಲ್ಲ!”

“ಯಾವ ಜನ? ಹೊರಗಿನ ಬಾಕ್ಸು ಆಗ್ಲೇ ಆಫ್ ಮಾಡಿದ್ದೇನೆ. ನಿಮ್ಮ ಮಾಷ್ಟ್ರೇ ಹೇಳಿದ್ದು, ನಾಟಕಕ್ಕೆ ಉಪದ್ರ ಆಗ್ತದೆ ಅಂತ. ಬೇಗ ಮುಗಿಸಿ ಅಕ್ಕ, ನನಗೂ ಆ ಬಸ್ಸು ನೋಡ್ಲಿಕ್ಕುಂಟು.”

ಶಾಲು ಹೊದ್ದುಕೊಂಡೇ ಹೊರಗೆ ಓಡಿದೆ. ನನ್ನ ಭಾಷಣಕ್ಕೆ ಹೆದರಿ ಹೊರಬಿದ್ದ ಇಡೀ ಸಭೆ ಅಂಗಳದಲ್ಲಿ ಚಹಾದ ಗ್ಲಾಸು ಹಿಡಿದು ಸುತ್ತ ನಿಂತಿತ್ತು. ನಡುವೆ ಚೆಂಡೆ. ಮೆಟ್ಟಿಲಿಲ್ಲದ ಸಪಾಟು ನೆಲದಲ್ಲಿ ಪುಷ್ಪಲತಾಳ ಬಸ್ಸು ಸುತ್ತು ಹಾಕುತ್ತಿತ್ತು. ಹಿಂದೆ ನೇತಾಡುವವರ ಸಾಲಿನಲ್ಲಿ ನಮ್ಮವರು ಯಾರು, ಊರಿನವರು ಯಾರು ಎಂದು ಗುರುತೇ ಸಿಗದು. ಮುಖ್ಯ ಅತಿಥಿಗಳು ನಫೀಸಾಳ ಹಿಂದೆ ಇದ್ದರು. ಚಂದು ಅವರಲ್ಲಿ ಟಿಕೆಟು ಕೇಳುತ್ತಿದ್ದ!

ಮತ್ತೆ ದೇವಕಿಯಮ್ಮ? ಅವರು ನಿಜವಾಗಿಯೂ ಗೇಟಿನ ಬಳಿ ಎಣ್ಮಕಜೆ ಕಡೆ ಹೋಗಲು ಬಸ್ಸು ಕಾಯುತ್ತ ನಿಂತಿದ್ದರಂತೆ. ಚಂದು ಅಂಗಳದಿಂದ “ಎಣ್ಮಕಜೆ, ಎಣ್ಮಕಜೆ! ಹತ್ತಿ, ಹತ್ತಿ!” ಎಂದು ಕೂಗಿದಾಗ ಅಭ್ಯಾಸಬಲದಿಂದ ತಿರುಗಿ ಕೈ ತೋರಿಸಿದ್ದಾರೆ. ಡ್ರೈವರ್ ತಾಯಿಯ ಮುಖ ನೋಡಿದಳು. ಪ್ರಸಂಗದಲ್ಲಿ ಏನಿದೆಯೋ ಅದನ್ನೇ ಮಾಡಿದಳು. ಬಸ್ಸು ನಿಲ್ಲಿಸಲಿಲ್ಲ!

ನಾನು ತಲಪುವಾಗ ದೇವಕಿಯಮ್ಮ ಕೊಡೆ ಎತ್ತಿ ಬಸ್ಸಿನ ಹಿಂದೆ ಓಡುತ್ತಿದ್ದರು. “ಏ ಪುಷ್ಪಾ! ನಿಲ್ಸು! ಹೆತ್ತ ಅಮ್ಮ ಕೈ ತೋರಿಸಿದ್ರೂ ನಿಲ್ಸುದಿಲ್ವಾ ನೀನು?”

“ಸೀಟಿಲ್ಲ! ಹಿಂದಿನ ಬಸ್ಸಿಗೆ ಬನ್ನಿ!” ಎಂದು ಪುಷ್ಪಲತಾ ಚಕ್ರ ತಿರುಗಿಸಿದಳು. ಜನ ಹೊಟ್ಟೆ ಹಿಡಿದು ನಕ್ಕರು. ದೇವಕಿಯಮ್ಮ ಕೊನೆಗೂ ಕುರ್ಚಿಯ ಹಿಡಿಯನ್ನು ಹಿಡಿದೇಬಿಟ್ಟರು. ಆ ಮೇಲೆ ಮುಗಿಯುವವರೆಗೂ ಬಿಡಲಿಲ್ಲ.

ಎಲ್ಲ ಮುಗಿದ ಮೇಲೆ ನಾನು ಕ್ಷಮೆ ಯಾಚಿಸುವ ಉದ್ದೇಶದಿಂದ ಅವರ ಸಮ್ಮುಖಕ್ಕೆ ಹೋದೆ. ಅವರಿಗೆ ಇನ್ನೂ ಏದುಸಿರು.

“ಪ್ರಾಕ್ಟೀಸು ಯಾವಾಗ?” ಎಂದು ಮೊದಲು ಕೇಳಿದವರು ಅವರೇ. “ನಾನೂ ಬರ್ತೇನೆ. ಕೈ ತೋರಿಸಿದ್ರೆ ನಿಲ್ಲಿಸದ ಬಸ್ಸನ್ನು ಹೀಗೆ ಬಿಡ್ಲಿಕ್ಕಾಗುದಿಲ್ಲ.”

“ಹಾಗಾದರೆ ಅಮ್ಮಾ,” ಎಂದೆ ಅಳುಕುತ್ತ, “ಯಾರೂ ‘ಪಾಪ’ ಎನ್ನಲಿಲ್ಲವೇ?”

“ಅಂದ್ರು, ಅಂದ್ರು! ಅನ್ನದೆ ಎಂತ? ಎಲ್ಲರೂ ಅಂದ್ರು.”

ಪುಷ್ಪಲತಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು; ಅವಳಿಗೆ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ. ದೇವಕಿಯಮ್ಮ ನನ್ನ ಭುಜದಿಂದ ಜಾರುತ್ತಿದ್ದ ಶಾಲನ್ನು ಸರಿ ಮಾಡಿದರು. ಸಭಾಂಗಣದ ಕಿಟಕಿಯ ಕಡೆ ಕೊಡೆಯ ತುದಿಯನ್ನು ತೋರಿಸಿದರು.

“ಇವಳಿಗಲ್ಲ ಮಾರಾಯ್ತಿ. ಚಹಾ ಕುಡಿಲಿಕ್ಕೆ ಹೋದವರೆಲ್ಲ ಆ ಕಿಟಕಿಯಲ್ಲಿ ಬಗ್ಗಿ ನೋಡಿದ್ರು. ಒಳಗೆ ನೀವು ಒಬ್ಬರೇ ನಿಂತು ರೇಶನ್ ಕಾರ್ಡಿನ ಸಂಗತಿ ಮಾತಾಡ್ತಾ ಇದ್ದೀರಲ್ಲ! ‘ಪಾಪ, ಪಾಪ’ ಅಂದ್ರು.”