ಮೇಲಿನ ಮನೆಯ ಕೋಲು

ದರ್ಜಿಗೆ ಇಟಾಲಿಯನ್ ಕಲಿತು ಆಗಬೇಕಾದ್ದೇನೂ ಇರಲಿಲ್ಲ. ಗುಜರಿಯಿಂದ ತಂದ ಟೇಪ್‌ರೆಕಾರ್ಡರಿನಲ್ಲಿ ಯಾವುದೋ ಭಾಷಾಶಾಲೆಯ ಕ್ಯಾಸೆಟ್ ಸಿಕ್ಕಿಕೊಂಡಿತ್ತು, ಕ್ಯಾಸೆಟ್ಟಿನಲ್ಲಿ ಒಂದು ಹೆಣ್ಣುದನಿ ಇತ್ತು, ಅಷ್ಟೇ. ಆ ದನಿ ಒಂದೊಂದು ಕ್ರಿಯಾಪದವನ್ನೂ ಕಿತ್ತಳೆಯ ತೊಳೆಯಂತೆ ಬಿಡಿಸಿ, ಒತ್ತಬೇಕಾದಲ್ಲಿ ಒತ್ತಿ ಹೇಳುತ್ತಿತ್ತು: “ಪಾರ್-ಲೊ, ನಾನು ಮಾತಾಡುತ್ತೇನೆ. ಪಾರ್-ಲ-ನೊ, ಅವರು ಮಾತಾಡುತ್ತಾರೆ.” ನಲವತ್ತು ದಾಟಿದ ಒಂಟಿ ಜೀವ; ಅವನೊಡನೆ ಅಷ್ಟು ಸಮಾಧಾನವಾಗಿ ಯಾರೂ ಮಾತಾಡಿರಲಿಲ್ಲ. ಆ ದನಿಯ ಒಡತಿಯನ್ನು ಒಮ್ಮೆ ನೋಡಬೇಕೆಂದು ಹಾತೊರೆಯುತ್ತಿದ್ದ.

ಅಡ್ಡಿಯೆಂದರೆ ಮೇಲಿನ ಮನೆಯ ಹೆಂಗಸು. ಇವನು “ಪಾರ್-ಲಾ-ನೊ” ಎಂದು ನಡುವೆ ಎಳೆದನೋ, ಮೇಲಿಂದ ಕೋಲಿನ ಏಟು, ಧಡ್! ಆ ಬೆಳಿಗ್ಗೆಯಂತೂ ಗಿರಾಕಿಯ ಕರಿ ಕೋಟಿನ ಮೇಲೆ ಗಾರೆಯೇ ಉದುರಿತು.

“ಸಹಿಸ್ಕೊಂಡ್ರೆ ತಲೆ ಮೇಲೆ ಕೂರ್ತಾರೆ,” ಎಂದ ಪಕ್ಕದಂಗಡಿಯ ಕ್ಷೌರಿಕ. ಅಷ್ಟಕ್ಕೇ ಬಿಟ್ಟನೆ? ತನ್ನ ಕುರ್ಚಿಯಲ್ಲಿದ್ದ ಮನೆ ಮಾಲೀಕನನ್ನು ಅರ್ಧ ಗಡ್ಡದ ನೊರೆ ಸಮೇತ ಎಬ್ಬಿಸಿ ತಂದ.

“ಆಯಮ್ಮ ಬಾಯಿ ಬಿಟ್ಟು ಒಂದು ಮಾತೂ ಆಡಲ್ಲ. ಇವತ್ತೇ ಒಂದು ದಾರಿ ಮಾಡ್ತೀನಿ ಬಿಡಿ!” ಎಂದ ಮಾಲೀಕ.

“ಗದರಬೇಡಿ, ಸುಮ್ನೆ ಹೇಳಿ ಅಷ್ಟೇ,” ಎಂದ ದರ್ಜಿ. ಕೇಳುವವರು ಯಾರು?

ಹೇಗೂ ಕೆಲಸ ಕೆಟ್ಟಿತೆಂದು ದರ್ಜಿ ಧೈರ್ಯ ಮಾಡಿ ಕ್ಯಾಸೆಟ್ಟಿನ ಮೇಲಿದ್ದ ವಿಳಾಸ ಹಿಡಿದು ಹೊರಟ. ಅವಸರದಲ್ಲಿ ಅಳತೆಯ ಟೇಪು ಕೊರಳಲ್ಲೇ ಉಳಿದಿತ್ತು. ಶಾಲೆಯ ಗುಮಾಸ್ತ ಅದನ್ನು ನೋಡಿ, “ಯೂನಿಫಾರಂ ಅಳತೆಗಾ?” ಎಂದು ಕೈ ಅಗಲಿಸಿ ನಿಂತುಬಿಟ್ಟ. ಇಲ್ಲವೆನ್ನಲು ಮನಸ್ಸು ಬಾರದೆ ದರ್ಜಿ ಅವನ ತೋಳು ಅಳೆಯುತ್ತಲೇ ಕ್ಯಾಸೆಟ್ ತೋರಿಸಿ, ಈ ದನಿ ಯಾರದೆಂದು ಕೇಳಿದ.

“ಓ, ನಮ್ಮ ಟೀಚರ್ ಅಲ್ವಾ! ಗಂಟಲು ಆಪರೇಷನ್ ಆಗಿ ದನಿ ಪೂರಾ ಹೋಯ್ತು, ಪಾಪ. ಈಗ ಯಾವ್ದೋ ಟೈಲರ್ ಅಂಗಡಿ ಮಾಳಿಗೇಲಿದ್ದಾರೆ. ಕೆಳಗೆ ಯಾರೋ ಅವರದೇ ಪಾಠ ಕಲೀತಾರಂತೆ. ತಪ್ಪಿದಾಗೆಲ್ಲ ಕೋಲು ಕುಟ್ಟಿ ತಿದ್ದುತೀನಿ, ನನಗಿನ್ನೂ ಒಬ್ಬ ಶಿಷ್ಯ ಇದಾನೆ ಅಂತ ಬರೆದು ತೋರಿಸಿ ಎಷ್ಟು ನಕ್ಕರು ಗೊತ್ತಾ?”

ದರ್ಜಿ ಎದ್ದೆನೋ ಬಿದ್ದೆನೋ ಎಂದು ಓಡಿದ.

ಅಂಗಡಿ ಬಾಗಿಲಲ್ಲಿ ಮಾಲೀಕ ನುಣ್ಣನೆಯ ಕೆನ್ನೆ ಸವರಿಕೊಳ್ಳುತ್ತ ನಿಂತಿದ್ದ. “ನಿಮಗೆ ಕಾಟ ತಪ್ತು ಟೈಲರೇ! ಆಯಮ್ಮನ ತಂಗಿ ಎಷ್ಟೋ ದಿನದಿಂದ ಬಾ ಅಂತಿದ್ರಂತೆ, ಚೀಟೀಲಿ ಬರೆದು ತೋರಿಸಿದ್ರು. ಕೋಲಿನ ಸದ್ದು ಕೆಳಗಿನವರಿಗೆ ತೊಂದ್ರೆ ಅಂದೆ, ಕಣ್ಣಲ್ಲಿ ನೀರು ತುಂಬ್ಕೊಂಡ್ರು. ಮಧ್ಯಾಹ್ನಾನೇ ಗಾಡಿ ತರಿಸಿ ಹೊರಟ್ಹೋದ್ರು.”

“ಯಾವ ಊರಿಗೆ?”

“ನಾನೇನೂ ಕೇಳೋಕೆ ಹೋಗ್ಲಿಲ್ಲಪ್ಪ.”

ಸಂಜೆ ದರ್ಜಿ ಕ್ಯಾಸೆಟ್ ಹಾಕಿದ. ದನಿ ಎಂದಿನಂತೆ ಹೇಳಿಕೊಟ್ಟಿತು. ಅವನಿಗೆ ಅಳು ಉಕ್ಕಿ ಬಂತು. ಬೇಕೆಂದೇ ತಪ್ಪಾಗಿ, ಜೋರಾಗಿ, “ಪಾರ್-ಲಾ-ನೊ!” ಎಂದ. ಸದ್ದಿಲ್ಲ. ಇನ್ನೊಮ್ಮೆ ಕೂಗಿದ.

ಧಡ್!

ಮೆಟ್ಟಿಲು ಹಾರಿಕೊಂಡು ಮೇಲೆ ಓಡಿದ. ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡಿಗೆ ಮಾಲೀಕ ಮೊಳೆ ಹೊಡೆಯುತ್ತಿದ್ದ.

“ಸದ್ದು ಜೋರಾಯ್ತಾ ಟೈಲರೇ? ಇನ್ನೊಂದೇ ಮೊಳೆ.”

ದರ್ಜಿ ಅಲ್ಲೇ ಮೆಟ್ಟಿಲ ಮೇಲೆ ಕೂತ.

“ಪರವಾಗಿಲ್ಲ,” ಎಂದ. “ಇನ್ನೂ ಎರಡು ಹೊಡೀರಿ.”