ಸೂಜಿ ಹಿಡಿದವಳ ಸಾಕ್ಷಿ, ಸಿಟ್ಟಿನ ಸಮೇತ

ನಾನೇನೂ ಸಿಟ್ಟಿನ ಹೆಂಗಸಲ್ಲ. ಸಿಟ್ಟು ಬರಿಸೋರು ದಿನಾ ಹುಡುಕ್ಕೊಂಡು ಬರ್ತಾರೆ, ಅಷ್ಟೇ. ಮನೆ ಭದ್ರಾವತಿ, ಕೆಲಸ ಶಿವಮೊಗ್ಗದ ವಿನೋಬನಗರದ ಒಂದು ಸಣ್ಣ ಲ್ಯಾಬಲ್ಲಿ. ಹದಿನೆಂಟು ವರ್ಷದಿಂದ ಜನರ ರಕ್ತ ತೆಗೀತಿದೀನಿ. "ಕೆಲಸದ ಜಾಗವೇ ನಿನ್ನ ಸೇವೆಯ ಜಾಗ, ನಿನ್ನ ನಡತೆಯೇ ಸಾಕ್ಷಿ" ಅಂತಾರೆ ನಮ್ಮ ಸಭೆಯ ಪಾಸ್ಟರ್. ಹೇಳೋದು ಸುಲಭ. ಒಂದು ದಿನ ಬಂದು ನನ್ನ ಜಾಗದಲ್ಲಿ ಕೂತು ನೋಡಲಿ.

೧. ಪಟ್ಟಿ

ಸೂಜಿ ಚುಚ್ಚೋ ಮುಂಚೆ ಒಂದು ಕ್ಷಣ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡೋದು ನನ್ನ ಅಭ್ಯಾಸ. "ಸ್ವಾಮಿ, ಒಂದೇ ಸಲಕ್ಕೆ ನರ ಸಿಗಲಿ." ಇಷ್ಟೇ.

ಒಂದು ಬೆಳಿಗ್ಗೆ ಜಿಮ್ಮಿಗೆ ಹೋಗೋ ದಾಂಡಿಗನೊಬ್ಬ ಬಂದು ತೋಳು ಚಾಚಿದ. ರಬ್ಬರ್ ಪಟ್ಟಿ ಬಿಗಿದು ಕಣ್ಣು ಮುಚ್ಚಿದೆ.

"ಮೇಡಂ, ಯಾಕೆ ಕಣ್ಣು ಮುಚ್ಚಿದ್ರಿ?"

"ಪ್ರಾರ್ಥನೆ ಮಾಡ್ತಿದೀನಿ."

"ಅಂಥಾ ಕಾಯಿಲೆನಾ ನಂದು?"

ಕಣ್ಣು ಬಿಡೋಷ್ಟರಲ್ಲಿ ಕುರ್ಚಿ ಖಾಲಿ. ಅವನು ಹೋದ್ರೆ ಹೋಗ್ಲಿ, ಪಟ್ಟಿ ಲ್ಯಾಬಿಂದು! ಮೈಯೆಲ್ಲ ಉರಿದುಹೋಯ್ತು. ಸಿರಿಂಜ್ ಹಿಡ್ಕೊಂಡೇ ರಸ್ತೆಗೆ ಓಡಿದೆ. "ನಿಲ್ಲೋ! ಬಿಚ್ಚೋ ಅದನ್ನ!"

ಎದುರಿನ ಟೀ ಅಂಗಡಿಯವನು ಕೈಯಲ್ಲಿದ್ದ ಲೋಟ ಕೆಳಗಿಟ್ಟು ಕೂಗಿದ: "ಅಕ್ಕಾ, ಪಾಪ, ನಡುರಸ್ತೇಲಿ ಬೇಡ. ಒಳಗೆ ಕರ್ಕೊಂಡು ಹೋಗಿ ಬಿಚ್ಚಿಸಿ!"

೨. ಕ್ಷಮೆ

ಒಬ್ಬರು ನಿವೃತ್ತ ಮೇಷ್ಟ್ರು ಪ್ರತಿ ತಿಂಗಳೂ ಹೆಂಡತಿ ಜೊತೆ ಸಕ್ಕರೆ ಪರೀಕ್ಷೆಗೆ ಬರ್ತಾರೆ. ಖಾಲಿ ಹೊಟ್ಟೇಲಿ ಬನ್ನಿ ಅಂತ ಎಷ್ಟು ಸಲ ಹೇಳಿದ್ರೂ ಅಷ್ಟೇ. ಅವತ್ತು "ಏನೂ ತಿಂದಿಲ್ಲಮ್ಮ" ಅಂದಾಗ ಮೀಸೆ ಮೇಲೆ ಚಟ್ನಿಯ ಸಾಸಿವೆ ಕೂತಿತ್ತು. ವರದಿ ನೋಡಿ ಮೆಲ್ಲಗೆ ನನ್ನ ಮೇಜಿನ ಹತ್ರ ಬಂದ್ರು.

"ನಿಮ್ಮ ಧರ್ಮದಲ್ಲಿ ಕ್ಷಮೆ ದೊಡ್ಡದಂತಲ್ಲಮ್ಮ. ಒಂದು ಮೂವತ್ತು ಕಡಿಮೆ ಮಾಡಿ ಬರ್ಕೊಡು."

ಸುಳ್ಳು ವರದಿ ಬರೆಯೋಕೆ ನನ್ನ ದೇವರನ್ನೇ ಶಿಫಾರಸಿಗೆ ತಂದ್ರಲ್ಲ ಅಂತ ತಲೆ ಕೆಟ್ಟುಹೋಯ್ತು. "ಕ್ಷಮೆ ಬೇಕಾದ್ರೆ ಮೊದಲು ಪಾಪ ಒಪ್ಕೋಬೇಕು ಸಾರ್. ಏನು ತಿಂದ್ರಿ?"

"ಒಂದು ಮಸಾಲೆ ದೋಸೆ."

"ಇನ್ನೂ?"

"...ಎರಡು ಜಿಲೇಬಿ."

ಹಿಂದಿನ ಬೆಂಚಿಂದ ಹೆಂಡತಿ ದಢಕ್ಕನೆ ಎದ್ದು ನಿಂತ್ರು: "ಎರಡಾ? ಹೋಟ್ಲಲ್ಲಿ ಜಿಲೇಬಿ ಖಾಲಿ ಅಂತ ನಂಗೆ ಒಂದೂ ಕೊಡಿಸ್ಲಿಲ್ಲ ನೀವು!"

೩. ದೇವರು ನೋಡ್ಕೋತಾನೆ

ಸಿಟ್ಟು ಬರಿಸೋರೆಲ್ಲ ಹೊರಗಿನವರೇ ಅಂದ್ಕೋಬೇಡಿ. ಒಂದು ಭಾನುವಾರ ನಮ್ಮ ಸಭೆಗೆ "ಕೆಲಸದಲ್ಲಿ ಭಕ್ತಿ" ಅಂತ ಮಾತಾಡೋಕೆ ದೂರದಿಂದ ಒಬ್ಬ ಬೋಧಕರು ಬಂದಿದ್ರು. ವಾರದಲ್ಲಿ ಆರು ದಿನ ಲ್ಯಾಬು, ಏಳನೇ ದಿನ ನೂರು ಜನರ ಊಟಕ್ಕೆ ಈರುಳ್ಳಿ ಹೆಚ್ಚೋದು ನನ್ನ ಪಾಲು. ಬೋಧಕರು ಅಡುಗೆ ಶೆಡ್ಡಿಗೆ ಬಂದು ಹುಬ್ಬು ಗಂಟಿಕ್ಕಿದ್ರು.

"ತಂಗಿಯರೇ, ಹೊಟ್ಟೆ ಚಿಂತೆ ಬಿಡಿ. ಬಂದು ವಾಕ್ಯ ಕೇಳಿ. ಉಳಿದದ್ದು ದೇವರು ನೋಡ್ಕೋತಾನೆ."

ಈಳಿಗೆಮಣೆ ಬಿಟ್ಟು ಎದ್ದೆ. ನಾನು ಎದ್ದಿದ್ದು ನೋಡಿ ಎಲ್ಲ ಹೆಂಗಸರೂ ಎದ್ರು. ಹೋಗಿ ಮುಂದಿನ ಸಾಲಲ್ಲೇ ಕೂತ್ವಿ. ಬೋಧಕರು ಮೂರು ಗಂಟೆ ತಾಳ್ಮೆ ಬಗ್ಗೆ ಮಾತಾಡಿದ್ರು. ಮುಗಿಸಿ, ಕರವಸ್ತ್ರದಲ್ಲಿ ಮುಖ ಒರೆಸ್ಕೊಂಡು, "ಊಟಕ್ಕೆ ಏಳೋಣವಾ?" ಅಂದ್ರು.

ಕಾರ್ಖಾನೆ ಕ್ವಾರ್ಟರ್ಸಿನ ತಮಿಳು ಅಕ್ಕ ಕೂತಲ್ಲಿಂದಲೇ ಹೇಳಿದಳು: "ದೇವರು ನೋಡ್ಕೊಂತಾ ಇದಾರೆ ಅಯ್ಯಾ. ಒಲೆ ಇನ್ನೂ ಹಚ್ಚಿಲ್ಲ ಅಂತ ಕಾಣುತ್ತೆ."

೪. ಮಾತು ಬಂತು

ಶಿವಮೊಗ್ಗದ ಕೋಟೆ ಏರಿಯಾದ ಒಂದು ಮನೇಲಿ ಅಜ್ಜಿಯೊಬ್ಬರ ರಕ್ತ ತರೋಕೆ ಹೋಗಿದ್ದೆ. ನನ್ನ ಹೆಸರು ಕೇಳಿ ಮಗ ಬಾಗಿಲಲ್ಲೇ ತಡೆದ್ರು. "ರಕ್ತ ತಗೊಂಡು ಹೋಗಿ. ಅಮ್ಮನ ಹತ್ರ ಒಂದು ಮಾತೂ ಬೇಡ. ನಿಮ್ಮೋರು ಮಾತಾಡ್ತಾ ಮಾತಾಡ್ತಾನೇ ಮತಾಂತರ ಮಾಡ್ತೀರಿ."

ಕಿವಿ ಕಾದುಹೋಯ್ತು. ಹದಿನೆಂಟು ವರ್ಷದಲ್ಲಿ ನಾನು ಬದಲಾಯಿಸಿದ್ದು ಸೂಜಿ ಒಂದೇ! ಆಯ್ತು, ಮಾತೇ ಬೇಡ ತಾನೇ? ತುಟಿ ಬಿಗಿದು ಒಳಗೆ ಹೋದೆ.

"ಯಾವೂರು ಮಗಾ?" ಅಂದ್ರು ಅಜ್ಜಿ. ಭದ್ರಾವತಿ ಕಡೆಗೆ ಕೈ ತೋರಿಸಿದೆ. "ಮಕ್ಕಳೆಷ್ಟು?" ಎರಡು ಬೆರಳು ಎತ್ತಿದೆ. ಮುಷ್ಟಿ ಹಿಡೀರಿ ಅಂತ ನನ್ನ ಮುಷ್ಟಿ ಹಿಡಿದು ತೋರಿಸಿದೆ. ಅಜ್ಜಿಯ ಮುಖ ಬಾಡಿತು.

"ಅಯ್ಯೋ, ಮಾತು ಬರಲ್ವಾ ಮಗಾ?"

ನಾನು ಮಗನ ಮುಖ ನೋಡಿದೆ. ಅವರು ಗೋಡೆ ನೋಡಿದ್ರು. ಆ ಸಿಟ್ಟಿಗೆ ನಾನು ಇನ್ನೂ ಗಟ್ಟಿಯಾಗಿ ಬಾಯಿ ಮುಚ್ಚಿದೆ.

ರಕ್ತ ತೆಗೆದು ಹತ್ತಿ ಇಟ್ಟೆ. ಅಜ್ಜಿ ಇನ್ನೊಂದು ಕೈ ನನ್ನ ತಲೆ ಮೇಲಿಟ್ಟು ಕಣ್ಣು ಮುಚ್ಚಿದ್ರು. "ಅಪ್ಪಾ, ನನ್ನ ಸಕ್ಕರೆ ಹೆಂಗಾದ್ರೂ ಇರ್ಲಿ. ಈ ಕೂಸಿಗೆ ಬಾಯಿ ಕೊಡು." ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು. ನನಗೆ ನಾಚಿಕೆಯಾಗಿ ಚೀಲ ಎತ್ಕೊಂಡು ಹೊರಟೆ. ಹೊಸ್ತಿಲು ದಾಟೋಷ್ಟರಲ್ಲಿ ಲ್ಯಾಬಿಂದ ಫೋನು.

"ಹಲೋ, ಕೋಟೇಲಿದೀನಿ, ಬಂದೇ ಬಿಟ್ಟೆ!"

ಒಳಗಿಂದ ಕಿರುಚು: "ಬಂತು! ಮಾತು ಬಂತು!"

"ಅಮ್ಮಾ, ಅವರಿಗೆ ಮೊದಲಿಂದಲೂ ಮಾತು ಬರುತ್ತೆ!" ಅಂದ್ರು ಮಗ.

"ಸುಮ್ನಿರೋ! ನಿಂಗೆ ಹುಟ್ಟಿದಾಗಿಂದ ನಂಬಿಕೆ ಕಡಿಮೆ!" ಅಜ್ಜಿ ಮೊಣಕೈಯಲ್ಲಿ ಹತ್ತಿ ಒತ್ಕೊಂಡೇ ಓಡಿಬಂದು ನನ್ನ ಕೈ ಹಿಡಿದ್ರು. "ನೋಡು ಮಾರಾಯ್ತಿ, ನಿಂಗೆ ಬಾಯಿ ಕೊಟ್ಟಿದ್ದು ನಮ್ಮ ಮನೆದೇವರು. ಇನ್ಮೇಲೆ ಬೇರೆ ದೇವರ ಕಡೆ ತಿರುಗಿ ನೋಡ್ಬೇಡ. ನಮ್ಮ ದೇವರಿಗೇ ನಡ್ಕೋ!"

ನಾನು ಮಗನ ಕಡೆ ತಿರುಗಿದೆ.

"ಸಾರ್, ನಿಮ್ಮಮ್ಮನಿಗೂ ಸ್ವಲ್ಪ ಹೇಳಿ. ಮಾತಾಡ್ತಾ ಮಾತಾಡ್ತಾನೇ ಮತಾಂತರ ಮಾಡ್ತಿದಾರೆ!"